ಆಸ್ಪತ್ರೆ ಸೇರಿದ ಭೌತವಿಜ್ಞಾನಿ

1980ರ ಆಗಸ್ಟ್ 28. ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಮೀನುಗಾರರ ಊರು ಫ್ರೇಸರ್‌ಬರ್ಗ್‌ನಿಂದ ಬಂದ ರೋಗಿಯೊಬ್ಬನನ್ನು ಅಬರ್ಡೀನ್ ನಗರದಲ್ಲಿ ಒಂದು ವಿಚಿತ್ರ ಯಂತ್ರದೊಳಗೆ ಮಲಗಿಸಲಾಯಿತು. ಆತನಿಗೆ ಕ್ಯಾನ್ಸರ್. ರೋಗ ಆಗಲೇ ಕೈಮೀರಿತ್ತು. ಸುತ್ತಲೂ ದೊಡ್ಡ ತಂತಿ ಸುರುಳಿಗಳು, ಪಕ್ಕದಲ್ಲಿ ಒಂದು ಕಂಪ್ಯೂಟರ್. ಎಕ್ಸ್‌ರೇ ಇರಲಿಲ್ಲ, ಕತ್ತರಿಯೂ ಇರಲಿಲ್ಲ. ಆದರೂ ತೆರೆಯ ಮೇಲೆ ಆತನ ದೇಹದ ಒಳಭಾಗ ಹೋಳು ಹೋಳಾಗಿ ಮೂಡಿತು. ಎದೆಯಲ್ಲಿದ್ದ ಮೂಲ ಗಡ್ಡೆ ಕಂಡಿತು. ಯಕೃತ್ತು ಕೆಟ್ಟಿದ್ದು ಕಂಡಿತು. ಕ್ಯಾನ್ಸರ್ ಮೂಳೆಗೂ ಹಬ್ಬಿದ್ದು ಕಂಡಿತು.

ಆ ಚಿತ್ರಗಳು ಆತನನ್ನು ಉಳಿಸುವಂತಿರಲಿಲ್ಲ. ಆದರೆ ವೈದ್ಯರ ಕೆಲಸಕ್ಕೆ ನಿಜವಾಗಿ ಒದಗುವಂಥ, ಇಡೀ ದೇಹದ ಎಂ.ಆರ್.ಐ. ಚಿತ್ರ ರೋಗಿಯೊಬ್ಬನಿಂದ ದೊರೆತದ್ದು ಅಂದೇ ಮೊದಲು ಎಂದು ವೈದ್ಯಕೀಯ ಇತಿಹಾಸ ಬರೆದವರು ಗುರುತಿಸುತ್ತಾರೆ.

ಆ ಯಂತ್ರವನ್ನು ಕಟ್ಟಿದವರು ವೈದ್ಯರಲ್ಲ, ದೊಡ್ಡ ಕಂಪನಿಯೂ ಅಲ್ಲ. ಅಬರ್ಡೀನ್ ವಿಶ್ವವಿದ್ಯಾಲಯದ ವೈದ್ಯಕೀಯ ಭೌತಶಾಸ್ತ್ರ ವಿಭಾಗದ ಒಂದು ಪುಟ್ಟ ತಂಡ ಅದನ್ನು ಕಟ್ಟಿತ್ತು. ಇಂದು ಬೆನ್ನುನೋವು, ಮಂಡಿನೋವು ಎಂದು ಹೋದವರಿಗೂ ವೈದ್ಯರು ಎಂ.ಆರ್.ಐ. ಬರೆದುಕೊಡುತ್ತಾರೆ. ಚಿತ್ರ ತೆಗೆಯುವ ತಂತ್ರಜ್ಞ ರೋಗಿಗೆ ಗೊತ್ತು. ವರದಿ ಬರೆಯುವ ರೇಡಿಯಾಲಜಿಸ್ಟ್ ಗೊತ್ತು. ಈ ಇಬ್ಬರ ಹಿಂದೆ ನಿಲ್ಲುವ ಮೂರನೆಯವನು ಮಾತ್ರ ಅಪರಿಚಿತ. ಆತನೇ ಆಸ್ಪತ್ರೆಯ ಭೌತವಿಜ್ಞಾನಿ. ಬ್ರಿಟನ್ನಿನಲ್ಲಿ ಆತನಿಗೆ 'ಕ್ಲಿನಿಕಲ್ ಸೈಂಟಿಸ್ಟ್' ಎಂಬ ಹೆಸರಿದೆ.

ನೀರೊಳಗಿನ ಬುಗುರಿ

ಎಂ.ಆರ್.ಐ. ಎಂದರೆ ಕಾಂತೀಯ ಅನುರಣನೆಯಿಂದ ಚಿತ್ರ ತೆಗೆಯುವ ವಿಧಾನ. ಮನುಷ್ಯನ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು. ನೀರಿನ ಪ್ರತಿ ಅಣುವಿನಲ್ಲೂ ಎರಡು ಹೈಡ್ರೋಜನ್ ಪರಮಾಣುಗಳಿವೆ. ಹೈಡ್ರೋಜನ್ನಿನ ಬೀಜಕೇಂದ್ರವನ್ನು ತಿರುಗುವ ಪುಟ್ಟ ಬುಗುರಿ ಎಂದುಕೊಳ್ಳಬಹುದು. ಅದು ಒಂದು ಸೂಕ್ಷ್ಮ ಅಯಸ್ಕಾಂತವೂ ಹೌದು. ಪ್ರಬಲ ಅಯಸ್ಕಾಂತದ ನಡುವೆ ಇಟ್ಟಾಗ, ನೆಲದ ಮೇಲಿನ ಬುಗುರಿ ಓಲಾಡುತ್ತಾ ತಿರುಗುವಂತೆ ಇದೂ ಓಲಾಡುತ್ತದೆ. ಕಾಂತಕ್ಷೇತ್ರ ಹೆಚ್ಚಿದಷ್ಟೂ ಓಲಾಟದ ವೇಗ ಹೆಚ್ಚುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಬಾರಿ. ಇದು ರೇಡಿಯೋ ತರಂಗಗಳ ಮಟ್ಟ.

ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಅದು ಮೇಲೇರುತ್ತದೆ. ಹಾಗೆಯೇ ಅದೇ ವೇಗದ ರೇಡಿಯೋ ತರಂಗ ಬಿಟ್ಟಾಗ ಈ ಬುಗುರಿಗಳು ವಾಲುತ್ತವೆ. ತರಂಗ ನಿಲ್ಲಿಸಿದ ಮೇಲೆ ಮೆಲ್ಲಗೆ ಮೊದಲಿನ ಸ್ಥಿತಿಗೆ ಮರಳುತ್ತವೆ, ಮರಳುವಾಗ ತಾವೇ ಕ್ಷೀಣವಾದ ಸಂಕೇತ ಹೊಮ್ಮಿಸುತ್ತವೆ. ಕೊಬ್ಬಿನಲ್ಲಿ, ಮೆದುಳಿನಲ್ಲಿ, ಗಡ್ಡೆಯಲ್ಲಿ, ಊದಿಕೊಂಡ ಮಾಂಸದಲ್ಲಿ ಹೀಗೆ ಮರಳುವ ಅವಧಿ ಬೇರೆ ಬೇರೆ. ಚಿತ್ರದ ಕಪ್ಪು ಬಿಳುಪಿಗೆ ಇದೇ ಆಧಾರ.

ಸಂಕೇತ ಎಷ್ಟು ಕ್ಷೀಣ ಎಂಬುದಕ್ಕೆ ಒಂದು ಲೆಕ್ಕವಿದೆ. ಅಯಸ್ಕಾಂತದ ದಿಕ್ಕಿಗೆ ನಿಂತವೂ ಅದಕ್ಕೆ ಎದುರಾಗಿ ನಿಂತವೂ ಹೆಚ್ಚು ಕಡಿಮೆ ಸಮನಾಗಿದ್ದು ಪರಸ್ಪರ ರದ್ದಾಗುತ್ತವೆ. 1.5 ಟೆಸ್ಲಾದಲ್ಲಿ 10 ಲಕ್ಷ ಬೀಜಕೇಂದ್ರಗಳಿಗೆ ಹೆಚ್ಚುವರಿಯಾಗಿ ಉಳಿಯುವುದು ಸುಮಾರು 5 ಮಾತ್ರ. 0.04 ಟೆಸ್ಲಾದ ಅಬರ್ಡೀನ್ ಯಂತ್ರದಲ್ಲಿ ಅದು ಕೋಟಿಗೆ ಒಂದರಷ್ಟಿತ್ತು. ಕೋಟಿಯಲ್ಲಿ ಒಂದರ ಪಿಸುಮಾತು ಹಿಡಿದು ಚಿತ್ರ ಮಾಡುವುದೆಂದರೆ ಹುಡುಗಾಟವಲ್ಲ.

ಬೆಂಗಳೂರಿನ ಕೊಳವೆ

ಈ ಅನುರಣನೆಯನ್ನು 1938ರಲ್ಲಿ ಅಮೆರಿಕದ ಇಸಿಡಾರ್ ರಾಬಿ ಅಣುಗಳ ಕಿರಣಗಳಲ್ಲಿ ಮೊದಲು ಅಳೆದರು. ಘನ ಮತ್ತು ದ್ರವ ವಸ್ತುಗಳಲ್ಲಿ ಅದನ್ನು 1946ರಲ್ಲಿ ತೋರಿಸಿದವರು ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್. 1952ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಒಂದು ವರ್ಷ ಮೊದಲು, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದ್ದರು. ಕೊಳವೆಯಲ್ಲಿ ಹರಿಯುವ ದ್ರವದ ಅನುರಣನ ಸಂಕೇತ ನಿಂತ ದ್ರವದ್ದಕ್ಕಿಂತ ಬೇರೆಯಾಗಿರುತ್ತದೆ ಎಂಬುದು ಅದರ ಸಾರ. ಇಂದು ಎಂ.ಆರ್.ಐ.ನಿಂದ ರಕ್ತನಾಳಗಳ ಹರಿವನ್ನು ನೋಡುವ ವಿಧಾನದ ಚರಿತ್ರೆ ಬರೆಯುವವರು ಈ ಪ್ರಬಂಧದಿಂದಲೇ ಆರಂಭಿಸುವುದುಂಟು.

ಆದರೆ ಆಗ ಇದೆಲ್ಲ ಪ್ರಯೋಗಶಾಲೆಯ ವಿಷಯ. ಆಸ್ಪತ್ರೆಗೂ ಅದಕ್ಕೂ ನಂಟು ಬೆಳೆದದ್ದು ನಿಧಾನವಾಗಿ. 1971ರಲ್ಲಿ ನ್ಯೂಯಾರ್ಕಿನ ವೈದ್ಯ ರೇಮಂಡ್ ಡಮಾಡಿಯನ್, ಇಲಿಯ ಕ್ಯಾನ್ಸರ್ ಗಡ್ಡೆಯ ಸಂಕೇತ ಆರೋಗ್ಯವಂತ ಅಂಗಾಂಶದ್ದಕ್ಕಿಂತ ಬೇರೆ ಎಂದು ತೋರಿಸಿದರು. 1973ರಲ್ಲಿ ರಸಾಯನ ವಿಜ್ಞಾನಿ ಪಾಲ್ ಲೌಟರ್‌ಬರ್ ಕಾಂತಕ್ಷೇತ್ರವನ್ನು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಮಾಡಿ, ಎರಡು ಪುಟ್ಟ ನೀರಿನ ನಳಿಕೆಗಳ ಚಿತ್ರ ತೆಗೆದರು. ಕ್ಷೇತ್ರ ಬೇರೆಯಾದರೆ ಓಲಾಟದ ವೇಗವೂ ಬೇರೆ. ಹಾಗಾಗಿ ವೇಗ ತಿಳಿದರೆ ಸ್ಥಳ ತಿಳಿಯುತ್ತದೆ. ಈ ಸರಳ ಉಪಾಯವನ್ನು ಹೇಳಿದ ಪ್ರಬಂಧವನ್ನು 'ನೇಚರ್' ಪತ್ರಿಕೆ ಮೊದಲು ತಿರಸ್ಕರಿಸಿ, ಆಮೇಲೆ ಪ್ರಕಟಿಸಿತ್ತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಕೂಡ ಅದೇ ಹಾದಿಯಲ್ಲಿದ್ದರು. 15ನೇ ವಯಸ್ಸಿಗೇ ಶಾಲೆ ಬಿಟ್ಟು ಮುದ್ರಣದ ಕೆಲಸಕ್ಕೆ ಸೇರಿದ್ದ ಅವರು ಬಳಿಕ ಓದಿ ಭೌತಶಾಸ್ತ್ರದ ಪ್ರಾಧ್ಯಾಪಕರಾದವರು. 1978ರಲ್ಲಿ, ಅಪಾಯವಾಗಬಹುದೆಂಬ ಎಚ್ಚರಿಕೆಯಿದ್ದರೂ, ತಮ್ಮ ಯಂತ್ರದೊಳಗೆ ತಾವೇ ಹೋಗಿ ನಿಂತು ಹೊಟ್ಟೆಯ ಚಿತ್ರ ತೆಗೆಸಿಕೊಂಡರು.

ಇಲಿಯ ಮುರಿದ ಕತ್ತು

ಅಬರ್ಡೀನ್ ತಂಡದ ಮುಖ್ಯಸ್ಥ ಜಾನ್ ಮಲ್ಲಾರ್ಡ್ ಇವರೆಲ್ಲರಿಗಿಂತ ಭಿನ್ನ. ಅವರು ಬೆಳೆದದ್ದೇ ಆಸ್ಪತ್ರೆಯಲ್ಲಿ. ರೇಡಿಯಂನಿಂದ ಕ್ಯಾನ್ಸರ್ ಚಿಕಿತ್ಸೆ ಆರಂಭವಾದ ಕಾಲದಿಂದಲೂ ಬ್ರಿಟನ್ನಿನ ದೊಡ್ಡ ಆಸ್ಪತ್ರೆಗಳು ವಿಕಿರಣದ ಪ್ರಮಾಣ ಲೆಕ್ಕ ಹಾಕಲು ಭೌತವಿಜ್ಞಾನಿಗಳನ್ನು ನೇಮಿಸಿಕೊಳ್ಳುತ್ತಿದ್ದವು. 1943ರಲ್ಲಿ ಅವರದೇ ಒಂದು ಸಂಘವೂ ಹುಟ್ಟಿತ್ತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಆ ಕೆಲಸ ಮಾಡುತ್ತಿದ್ದ ಮಲ್ಲಾರ್ಡ್, 1965ರಲ್ಲಿ ಅಬರ್ಡೀನ್‌ನ ವೈದ್ಯಕೀಯ ಭೌತಶಾಸ್ತ್ರ ಪೀಠಕ್ಕೆ ಬಂದರು. ಗಡ್ಡೆಯ ಅಂಗಾಂಶದಲ್ಲಿ ಎಲೆಕ್ಟ್ರಾನ್‌ಗಳ ಅನುರಣನೆ ಬೇರೆಯಾಗಿರುತ್ತದೆ ಎಂದು 1964ರಲ್ಲೇ ಬರೆದಿದ್ದ ಅವರ ತಲೆಯಲ್ಲಿ ಆ ವಿಷಯ ಕೊರೆಯುತ್ತಲೇ ಇತ್ತು.

1974ರಲ್ಲಿ ತಂಡದ ಜಿಮ್ ಹಚಿಸನ್ ಒಂದು ಸತ್ತ ಇಲಿಯ ಚಿತ್ರ ತೆಗೆದರು. ಅದನ್ನು ಕತ್ತು ಮುರಿದು ಕೊಲ್ಲಲಾಗಿತ್ತು. ಚಿತ್ರದಲ್ಲಿ ಇಲಿಯ ಆಕಾರದ ಜೊತೆಗೆ ಕತ್ತಿನ ಬಳಿ ಒಂದು ಕಲೆ ಕಾಣಿಸಿತು. ಮುರಿದ ಜಾಗದ ಸುತ್ತ ದ್ರವ ತುಂಬಿ ಊದಿಕೊಂಡದ್ದು ಹಾಗೆ ಕಂಡಿತ್ತು. ಯಂತ್ರಕ್ಕೆ ಗಾಯ ಕಾಣುತ್ತದೆ ಎಂಬುದು ಅಂದು ತಂಡಕ್ಕೆ ಮನದಟ್ಟಾಯಿತು. ಇಲಿಗೆ ಕಂಡದ್ದು ಮನುಷ್ಯನಿಗೂ ಕಾಣಬೇಕೆಂದರೆ ಯಂತ್ರವೂ ಮನುಷ್ಯನ ಅಳತೆಯದಾಗಬೇಕು. ಅಯಸ್ಕಾಂತವನ್ನು ಆಕ್ಸ್‌ಫರ್ಡ್‌ನ ಕಂಪನಿಯಿಂದ ತರಿಸಿದರು. ಉಳಿದದ್ದರಲ್ಲಿ ಹೆಚ್ಚಿನದನ್ನು ತಾವೇ ಕಟ್ಟಿದರು. ಅದಕ್ಕೆ 'ಮಾರ್ಕ್ 1' ಎಂದು ಹೆಸರಿಟ್ಟರು.

ಯಂತ್ರ ಸಿದ್ಧವಾಯಿತು, ಚಿತ್ರ ಮಾತ್ರ ಕೆಟ್ಟಿತು. ಸತ್ತ ಇಲಿ ಉಸಿರಾಡುವುದಿಲ್ಲ. ಬದುಕಿರುವ ಮನುಷ್ಯ ಉಸಿರಾಡುತ್ತಾನೆ, ಅವನ ಎದೆ ಬಡಿಯುತ್ತದೆ. ಆಗ ಬಳಕೆಯಲ್ಲಿದ್ದ ವಿಧಾನದಲ್ಲಿ ಹಲವು ಕೋನಗಳಿಂದ ತೆಗೆದ ನೆರಳುಗಳನ್ನು ಸೇರಿಸಿ ಚಿತ್ರ ಕಟ್ಟಬೇಕಿತ್ತು. ನಡುವೆ ದೇಹ ಒಂದಿಷ್ಟು ಅಲುಗಿದರೂ ಚಿತ್ರದ ತುಂಬ ಗೆರೆಗಳು ಬೀಳುತ್ತಿದ್ದವು.

ಪರಿಹಾರದ ಅರ್ಧ ದಾರಿ 1975ರಲ್ಲೇ ತೆರೆದಿತ್ತು. ಜ್ಯೂರಿಕ್‌ನಲ್ಲಿ ಅನಿಲ್ ಕುಮಾರ್, ಡೀಟರ್ ವೆಲ್ಟಿ ಮತ್ತು ರಿಚರ್ಡ್ ಅರ್ನ್ಸ್ಟ್ ಹೊಸ ವಿಧಾನವೊಂದನ್ನು ಸೂಚಿಸಿದ್ದರು. ಇವರಲ್ಲಿ ಅನಿಲ್ ಕುಮಾರ್ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪಾಠ ಹೇಳಿದವರು. ಅರ್ನ್ಸ್ಟ್‌ಗೆ ಅನುರಣನೆ ಕುರಿತ ಒಟ್ಟು ಕೆಲಸಕ್ಕಾಗಿ 1991ರಲ್ಲಿ ನೊಬೆಲ್ ಬಂತು. ಮದುವೆಯ ಮನೆಯ ವಾಲಗದಲ್ಲಿ ನಾದಸ್ವರ, ಡೋಲು, ತಾಳ ಒಟ್ಟಿಗೆ ಕೇಳಿದರೂ ಕಿವಿ ಅವನ್ನು ಬಿಡಿಸಿಕೊಳ್ಳುತ್ತದೆ. ಫೂರಿಯೆ ಗಣಿತ ಮಾಡುವುದೂ ಅದನ್ನೇ. ಬೆರೆತು ಬಂದ ಸಂಕೇತದಿಂದ ಯಾವ ಸ್ವರ ಯಾವ ಜಾಗದ್ದು ಎಂದು ಅದು ಬೇರ್ಪಡಿಸುತ್ತದೆ. ಜ್ಯೂರಿಕ್ ವಿಧಾನದಲ್ಲಿ ಕ್ಷೇತ್ರದ ಏರಿಳಿತವನ್ನು ಪ್ರತಿ ಸಲವೂ ಬೇರೆ ಬೇರೆ ಅವಧಿಗೆ ಹಚ್ಚಬೇಕಿತ್ತು. ಹಾಗಾಗಿ ಅಯಸ್ಕಾಂತದ ಸಣ್ಣ ಪುಟ್ಟ ಅಸಮತೆಗಳೂ ಪ್ರತಿ ಸಲ ಬೇರೆ ಬೇರೆ ಪ್ರಮಾಣದಲ್ಲಿ ಸೇರಿ ಚಿತ್ರವನ್ನು ಕೆಡಿಸುತ್ತಿದ್ದವು.

1980ರಲ್ಲಿ ಅಬರ್ಡೀನ್‌ನ ಬಿಲ್ ಎಡೆಲ್‌ಸ್ಟೈನ್, ಹಚಿಸನ್ ಮತ್ತು ಸಂಗಡಿಗರು ಇದನ್ನು ತಿರುವಿಹಾಕಿದರು. ಅವಧಿಯನ್ನು ಹಾಗೇ ಇಟ್ಟು, ಪ್ರತಿ ಸಲ ಏರಿಳಿತದ ಬಲವನ್ನು ಮಾತ್ರ ಬದಲಿಸಿದರು. ಅಸಮತೆ ಪ್ರತಿ ಸಲವೂ ಒಂದೇ ಆಗಿದ್ದರಿಂದ ಅದರ ಕಾಟ ತಗ್ಗಿತು. ಉಸಿರಾಟದಿಂದ ಆಗುವ ಕೆಡುಕೂ ಸಹಿಸಬಹುದಾದ ಮಟ್ಟಕ್ಕೆ ಇಳಿಯಿತು. ಇದಕ್ಕೆ 'ಸ್ಪಿನ್ ವಾರ್ಪ್' ಎಂದು ಹೆಸರಾಯಿತು. ಫ್ರೇಸರ್‌ಬರ್ಗ್‌ನ ರೋಗಿಯ ಚಿತ್ರ ಬಂದದ್ದು ಇದರಿಂದಲೇ. ಇಂದು ಜಗತ್ತಿನ ಆಸ್ಪತ್ರೆಗಳಲ್ಲಿರುವ ಎಂ.ಆರ್.ಐ. ಯಂತ್ರಗಳ ಕೆಲಸಕ್ಕೆ ಬುನಾದಿಯೂ ಇದೇ.

ಎಡೆಲ್‌ಸ್ಟೈನ್ ಅದೇ ವರ್ಷ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಹೋದರು. ಅಲ್ಲಿ 1.5 ಟೆಸ್ಲಾ ಯಂತ್ರ ರೂಪುಗೊಂಡಿತು. ದೊಡ್ಡ ಕಂಪನಿಗಳು ಮಾರುಕಟ್ಟೆ ಹಿಡಿದವು. ಜನ 'ನ್ಯೂಕ್ಲಿಯರ್' ಎಂಬ ಪದಕ್ಕೆ ಹೆದರುತ್ತಾರೆಂದು ಹೆಸರಿನಿಂದ ಅದೂ ಬಿದ್ದುಹೋಯಿತು. 2003ರ ನೊಬೆಲ್ ಪ್ರಶಸ್ತಿ ಲೌಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ ಸಂದಿತು. ತನ್ನನ್ನು ಬಿಟ್ಟರೆಂದು ಡಮಾಡಿಯನ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಪ್ರತಿಭಟಿಸಿದರು. ಅಬರ್ಡೀನ್‌ನವರ ಹೆಸರು ಆ ಜಗಳದಲ್ಲೂ ಅಷ್ಟಾಗಿ ಕೇಳಿಬರಲಿಲ್ಲ. ಮಲ್ಲಾರ್ಡ್ 2021ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ಕಲೆ ಯಾರದು?

ಯಂತ್ರ ಕಂಪನಿಯಿಂದ ಬರುವುದಾದರೆ ಆಸ್ಪತ್ರೆಗೆ ಭೌತವಿಜ್ಞಾನಿ ಇನ್ನೇಕೆ? ಕೇಳಬೇಕಾದ ಪ್ರಶ್ನೆಯೇ. ಉತ್ತರ ಅವನ ದಿನಚರಿಯಲ್ಲಿದೆ.

ತೆರೆಯ ಮೇಲೆ ಒಂದು ಬಿಳಿ ಚುಕ್ಕೆ ಕಂಡರೆ ಅದು ರೋಗಿಯದೇ, ಯಂತ್ರದ್ದೇ? ಎಂ.ಆರ್.ಐ. ಚಿತ್ರ ಕ್ಯಾಮೆರಾದ ಫೋಟೊ ಅಲ್ಲ. ಅದು ಆದಿಯಿಂದ ಅಂತ್ಯದವರೆಗೆ ಲೆಕ್ಕದ ಫಲ. ಉಸಿರಾಟದಿಂದ ಹೊಟ್ಟೆಯ ಗೋಡೆಯ ಮಂಕು ಪ್ರತಿಬಿಂಬಗಳು ಯಕೃತ್ತಿನ ಮೇಲೆ ಬೀಳಬಹುದು. ಕಸುಬಿನವರು ಇವನ್ನು 'ಘೋಸ್ಟ್', ಅಂದರೆ ದೆವ್ವ, ಎಂದೇ ಕರೆಯುತ್ತಾರೆ. ಯಂತ್ರದ ಕೋಣೆಗೆ ಸುತ್ತಲೂ ತಾಮ್ರದಂಥ ಲೋಹದ ಕವಚವಿರುತ್ತದೆ. ಬಾಗಿಲಿನ ಅಂಚಿನಲ್ಲಿ ಅದು ಸವೆದರೆ ಹೊರಗಿನ ರೇಡಿಯೋ ಸದ್ದು ಒಳನುಗ್ಗಿ ಚಿತ್ರದ ಮೇಲೆ ಪಟ್ಟೆ ಎಳೆಯುತ್ತದೆ. ಹಲ್ಲಿಗೆ ಹಾಕಿಸಿದ ಲೋಹದ ಸುತ್ತ ಚಿತ್ರ ಸೊಟ್ಟಗಾಗುತ್ತದೆ. ಇವನ್ನು ರೋಗವೆಂದು ಓದಿದರೆ ಇಲ್ಲದ ಗಡ್ಡೆಗೆ ಚಿಕಿತ್ಸೆ ನಡೆದೀತು. ಇರುವ ಗಡ್ಡೆ ಇವುಗಳ ಅಡಿಯಲ್ಲಿ ಮರೆಯಾದರೆ ಅದು ಇನ್ನೂ ಕೆಟ್ಟದ್ದು. ನೀರೋ ಜೆಲ್ಲೋ ತುಂಬಿದ, 'ಫ್ಯಾಂಟಮ್' ಎಂದು ಕರೆಯುವ ಪ್ಲಾಸ್ಟಿಕ್ ಗೋಳವನ್ನು ಯಂತ್ರದಲ್ಲಿಟ್ಟು ಭೌತವಿಜ್ಞಾನಿ ಅಳತೆ ತೆಗೆಯುತ್ತಾನೆ. ಗೋಳದೊಳಗೆ ಏನಿದೆ ಎಂದು ಮೊದಲೇ ಗೊತ್ತಿರುವುದರಿಂದ ಯಂತ್ರದ ಸುಳ್ಳು ಅಲ್ಲಿ ಸಿಕ್ಕಿಬೀಳುತ್ತದೆ.

ಕಂಪ್ಯೂಟರ್ ಬಲಿತಷ್ಟೂ ಈ ಕೆಲಸ ಹೆಚ್ಚಿದೆ. ಈಗ ಅರ್ಧಂಬರ್ಧ ಸಂಕೇತ ಹಿಡಿದು ಉಳಿದದ್ದನ್ನು ಲೆಕ್ಕದಿಂದ ತುಂಬಿಸಿ ಸಮಯ ಉಳಿಸುವ ವಿಧಾನಗಳಿವೆ. ಕೃತಕ ಬುದ್ಧಿಮತ್ತೆಯೂ ಸೇರಿಕೊಂಡಿದೆ. ತುಂಬಿಸಿದ್ದು ದೇಹದಲ್ಲಿ ನಿಜವಾಗಿ ಇದೆಯೇ ಎಂದು ಪರೀಕ್ಷಿಸುವುದು, ಚಿತ್ರದಿಂದ ಅಳತೆ ತೆಗೆಯುವ ಕಾರ್ಯಕ್ರಮಗಳನ್ನು ಬರೆಯುವುದು, ಅವು ತಪ್ಪಿದಾಗ ಹಿಡಿಯುವುದು, ಇವೆಲ್ಲ ಅವನ ಪಾಲಿಗೆ ಬಂದಿವೆ.

ಈ ಲೆಕ್ಕದಿಂದ ಜೀವ ಉಳಿದದ್ದಕ್ಕೆ ಉದಾಹರಣೆ ಥಲಸ್ಸೀಮಿಯಾ. ಈ ಕಾಯಿಲೆ ತೀವ್ರವಾಗಿರುವ ಮಕ್ಕಳಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಲೇಬೇಕು. ರಕ್ತದೊಂದಿಗೆ ಬರುವ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ. ಅದು ಹೃದಯದಲ್ಲಿ ಸೇರಿ, ಯೌವನದಲ್ಲೇ ಎಷ್ಟೋ ಮಂದಿಯನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಕಬ್ಬಿಣವಿದ್ದಲ್ಲಿ ಕಾಂತಕ್ಷೇತ್ರ ಏರುಪೇರಾಗಿ ಅನುರಣನ ಸಂಕೇತ ಬೇಗ ಆರುತ್ತದೆ. ಚಿತ್ರ ಕೆಡಿಸುವ ಈ ದೋಷವನ್ನೇ ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯ ತಂಡ 2001ರಲ್ಲಿ ಅಳತೆಗೋಲಾಗಿಸಿತು. ಸಂಕೇತ ಆರುವ ಕಾಲ 20 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಹೃದಯದಲ್ಲಿ ಕಬ್ಬಿಣ ಸೇರುತ್ತಿದೆ ಎಂದರ್ಥ. ಯಕೃತ್ತಿನ ಕಬ್ಬಿಣ ನೋಡಿ ಹೃದಯದ್ದನ್ನು ಊಹಿಸಲಾಗದು ಎಂಬುದನ್ನೂ ಆ ತಂಡ ತೋರಿಸಿತು. ಕಾಯಿಲೆ ಕಾಣಿಸಿಕೊಳ್ಳುವ ಮೊದಲೇ ಔಷಧ ಬಿಗಿಗೊಳಿಸುವುದು ಸಾಧ್ಯವಾಯಿತು. ಬ್ರಿಟನ್ನಿನಲ್ಲಿ ಈ ರೋಗಿಗಳ ಸಾವು ಗಣನೀಯವಾಗಿ ಇಳಿಯಿತು.

ಸದಾ ಎಚ್ಚರವಿರುವ ಅಯಸ್ಕಾಂತ

ಇನ್ನೊಂದು ಕೆಲಸ ಅಪಾಯ ತಪ್ಪಿಸುವುದು. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಇಂಥ ಅಯಸ್ಕಾಂತಗಳ ಸುರುಳಿಯನ್ನು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ತಣ್ಣಗಿಡುತ್ತದೆ. ಒಮ್ಮೆ ಹರಿಸಿದ ವಿದ್ಯುತ್ತು ಅದರಲ್ಲಿ ಸುತ್ತುತ್ತಲೇ ಇರುತ್ತದೆ. ರಾತ್ರಿ ದೀಪ ಆರಿಸಿದರೂ, ರೋಗಿಗಳಿಲ್ಲದಿದ್ದರೂ ಅಯಸ್ಕಾಂತ ಮಲಗುವುದಿಲ್ಲ. ಚಿತ್ರ ತೆಗೆಯುವಾಗಿನ 'ಗಡಗಡ' ಸದ್ದು ಕ್ಷೇತ್ರವನ್ನು ಏರಿಳಿಸುವ ಬೇರೆ ಸುರುಳಿಗಳು ಅದುರುವುದರಿಂದ ಬರುವುದು. ಸದ್ದು ನಿಂತಿದೆ ಎಂದರೆ ಯಂತ್ರ ಆರಿದೆ ಎಂದಲ್ಲ.

ಇದನ್ನು ಮರೆತದ್ದರ ಬೆಲೆ ದೊಡ್ಡದು. 2001ರ ಜುಲೈಯಲ್ಲಿ ನ್ಯೂಯಾರ್ಕ್ ಬಳಿಯ ಆಸ್ಪತ್ರೆಯೊಂದರಲ್ಲಿ ಉಕ್ಕಿನ ಆಮ್ಲಜನಕ ಸಿಲಿಂಡರ್ ಯಂತ್ರದೊಳಕ್ಕೆ ಹಾರಿ, ಅಲ್ಲಿ ಮಲಗಿದ್ದ 6 ವರ್ಷದ ಬಾಲಕ ಸತ್ತ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿ, 32 ವರ್ಷದ ಯುವಕ, ಕೈಯಲ್ಲಿ ಸಿಲಿಂಡರ್ ಹಿಡಿದೇ ಕೋಣೆಗೆ ಹೋಗಿ ಪ್ರಾಣ ಕಳೆದುಕೊಂಡ. ನಮ್ಮಲ್ಲಿ ಮಾಂಗಲ್ಯದ ಸರಕ್ಕೆ ಪಿನ್ನು ಸಿಕ್ಕಿಸಿಕೊಳ್ಳುವ ರೂಢಿಯಿದೆ. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ಉಕ್ಕಿನ ಪಿನ್ನನ್ನು ಎಳೆಯುತ್ತದೆ. ಹೃದಯದ ಪೇಸ್‌ಮೇಕರ್, ಕಿವಿಯೊಳಗಿನ ಉಪಕರಣ, ಹಳೆಯ ಶಸ್ತ್ರಕ್ರಿಯೆಯ ಕ್ಲಿಪ್ಪು ಇದ್ದವರನ್ನು ಒಳಗೆ ಕಳಿಸಬಹುದೇ, ಕಳಿಸಿದರೆ ಎಷ್ಟು ರೇಡಿಯೋ ಶಕ್ತಿ ಬಿಡಬಹುದು ಎಂಬ ಲೆಕ್ಕವನ್ನು ಭೌತವಿಜ್ಞಾನಿ ಮಾಡಬೇಕು. ತಣ್ಣನೆಯ ಹೀಲಿಯಂ ಹಠಾತ್ತಾಗಿ ಕುದಿದರೆ 700 ಪಟ್ಟಿಗೂ ಹೆಚ್ಚು ಹಿಗ್ಗಿ ಕೋಣೆಯ ಗಾಳಿಯನ್ನೇ ಹೊರದೂಡೀತು. ಅದನ್ನು ಹೊರಗೊಯ್ಯುವ ಕೊಳವೆ ಸರಿಯಿದೆಯೇ ಎಂಬುದರ ಮೇಲೂ ಅವನು ಕಣ್ಣಿಡಬೇಕು.

ಬ್ರಿಟನ್ನಿನಲ್ಲಿ 'ಕ್ಲಿನಿಕಲ್ ಸೈಂಟಿಸ್ಟ್' ಎಂಬುದು ಕಾನೂನಿನ ರಕ್ಷಣೆಯಿರುವ ಹೆಸರು. ನೋಂದಣಿಯಿಲ್ಲದೆ ಯಾರೂ ಹಾಗೆ ಕರೆದುಕೊಳ್ಳುವಂತಿಲ್ಲ. ಭಾರತದಲ್ಲಿ ವಿಕಿರಣ ಚಿಕಿತ್ಸೆ ನೀಡುವ ಆಸ್ಪತ್ರೆಗೆ ವೈದ್ಯಕೀಯ ಭೌತವಿಜ್ಞಾನಿ ಕಡ್ಡಾಯ. ಅದರ ನಿಗಾ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಎಂ.ಆರ್.ಐ.ನಲ್ಲಿ ಅಂಥ ವಿಕಿರಣವೇ ಇಲ್ಲ. ಹಾಗಾಗಿ ಅದು ಮಂಡಳಿಯ ನಿಯಮಗಳ ವ್ಯಾಪ್ತಿಗೂ ಬರುವುದಿಲ್ಲ. ವಿಕಿರಣವಿಲ್ಲ ಎಂಬ ಅದರ ದೊಡ್ಡ ಗುಣವೇ ಹೀಗೆ ಅದನ್ನು ನಿಗಾದಿಂದ ಹೊರಗಿಟ್ಟಿದೆ. 2021ರ ಸಹವೈದ್ಯಕೀಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ವೈದ್ಯಕೀಯ ಭೌತವಿಜ್ಞಾನಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಎಂ.ಆರ್.ಐ. ಕೋಣೆಯ ಬಾಗಿಲಿಗೆ ಅವನು ಬರಬೇಕೆಂದರೆ ಆಸ್ಪತ್ರೆಗಳೇ ಮನಸ್ಸು ಮಾಡಬೇಕು. ಅನುರಣನೆಯ ಶಾಸ್ತ್ರಕ್ಕೆ ಬೆಂಗಳೂರಿನಿಂದ ಎರಡು ಹೆಸರುಗಳನ್ನು ಕೊಟ್ಟ ನಾಡಿನಲ್ಲಿ ಅಂಥವರನ್ನು ಸಿದ್ಧಪಡಿಸುವುದು ಅಸಾಧ್ಯವಾಗಬೇಕಿಲ್ಲ.

ಅಬರ್ಡೀನ್‌ನ 'ಮಾರ್ಕ್ 1' ಯಂತ್ರವನ್ನು ಅದೇ ಊರಿನಲ್ಲಿ ಕಾಪಿಟ್ಟಿದ್ದಾರೆ. ಅದರ ಕಾಂತ ಆರಿ ಎಷ್ಟೋ ವರ್ಷವಾಯಿತು. ಅದರ ಮರಿಮಕ್ಕಳಂಥ ಯಂತ್ರಗಳು ಮಾತ್ರ ಊರೂರಿನಲ್ಲಿ ಹಗಲಿರುಳು ಎಚ್ಚರವಾಗಿವೆ. ಭೌತವಿಜ್ಞಾನಿ ಇರುವ ಆಸ್ಪತ್ರೆಗಳಲ್ಲಿ, ರೋಗಿಗಳ ಸಾಲಿಗೂ ಮುಂಚೆ, ಆ ಸುರಂಗದೊಳಗೆ ಆಗಾಗ ಒಂದು ನೀರಿನ ಗೋಳ ಹೋಗಿ ಬರುತ್ತದೆ. ಅದರ ಚಿತ್ರ ಸರಿಯಾಗಿ ಬಂದ ಮೇಲೆಯೇ ಮೊದಲ ರೋಗಿಯ ಹೆಸರು ಕೂಗುತ್ತಾರೆ.